ಬೀದರ್, ಕಲಬುರಗಿ, ಯಾದಗಿರಿಯ ಕಲಾವಿದರು ಬ್ಲಾಕ್‌ಚೈನ್‌ನಲ್ಲಿ ಕೃತಿ ಪ್ರಕಟಿಸಿ ಮಾರುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಮುದ್ರಿಸಿಕೊಡುವ ಅಂಗಡಿಯೊಂದನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಬೀದರಿನ ಬಿದರಿ ಕೆಲಸದವರು, ಸುರಪುರದಲ್ಲಿ ಚಿನ್ನದ ರೇಕು ಹಚ್ಚಿ ಕಿರುಚಿತ್ರ ಬರೆಯುವವರು, ಚಿತ್ರಕಲಾ ಕಾಲೇಜಿನ ವಿದ್ಯಾರ್ಥಿಗಳು, ತತ್ವಪದ ಹಾಡುವ ಮೇಳದವರು ನನ್ನಲ್ಲಿಗೆ ಬರುತ್ತಾರೆ. ಕೆಲಸ ಮುಗಿದ ಮೇಲೆ ಅವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: ದಲ್ಲಾಳಿಯ ಕೈಗೆ ಸಿಗದೆ ನಮ್ಮ ಕೃತಿಯನ್ನು ನಾವೇ ಮಾರಲು ಈ ಬ್ಲಾಕ್‌ಚೈನ್ ನೆರವಾಗುತ್ತದೆಯೇ? ನೆರವಾಗುತ್ತದೆ, ಆದರೆ ಅದರಿಂದ ಆಗುವುದು ಯಾವುದು, ಆಗದಿರುವುದು ಯಾವುದು ಎಂಬುದನ್ನು ಮೊದಲೇ ತಿಳಿದು ಇಳಿದವರಿಗೆ ಮಾತ್ರ. ಆ ತಿಳಿವಳಿಕೆಯನ್ನೂ ಮಾಡಬೇಕಾದ ಕೆಲಸದ ಕ್ರಮವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ವಹಿ ಎಂಬ ಹೋಲಿಕೆ

ತೊಗರಿ ಮಾರಿದ ರೈತನ ಲೆಕ್ಕ ಅಡತ್ ಅಂಗಡಿಯ ವಹಿಯಲ್ಲಿ ಇರುತ್ತದೆ. ಆ ವಹಿ ಅಂಗಡಿಯವರ ಕೈಯಲ್ಲಿದೆ. ತಿದ್ದುವುದಾದರೂ ಹರಿಯುವುದಾದರೂ ಅವರೇ. ಬ್ಲಾಕ್‌ಚೈನ್ ಎಂದರೆ ಇಂತಹ ಒಂದು ವಹಿಯ ಪ್ರತಿಯನ್ನು ಲೋಕದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಇಟ್ಟು, ಒಮ್ಮೆ ಬರೆದ ಸಾಲನ್ನು ಯಾವೊಬ್ಬನೂ ತನ್ನಷ್ಟಕ್ಕೆ ಅಳಿಸಲಾಗದಂತೆ ಕಟ್ಟಿದ ವ್ಯವಸ್ಥೆ. ಎನ್‌ಎಫ್‌ಟಿ ಎಂದು ಕರೆಯುವುದು ಆ ವಹಿಯಲ್ಲಿನ ಒಂದು ನಮೂದನ್ನು: ಇಂತಹ ಗುರುತಿನ ಕೃತಿಯನ್ನು ಇಂತಹ ವಿಳಾಸದವರು ಇಂತಹ ದಿನ ಸೃಷ್ಟಿಸಿದರು, ಈಗ ಅದು ಇಂತಹವರ ಬಳಿ ಇದೆ. ಚಿತ್ರವಾಗಲಿ ಹಾಡಾಗಲಿ ಸಾಮಾನ್ಯವಾಗಿ ಆ ವಹಿಯೊಳಗೆ ಇರುವುದಿಲ್ಲ. ಅದು ಬೇರೆ ಕಡೆ ಇದ್ದು, ಅದರ ವಿಳಾಸ ಮಾತ್ರ ವಹಿಯಲ್ಲಿ ಇರುತ್ತದೆ.

ವಹಿ ಗಿರಾಕಿಯನ್ನು ತಂದುಕೊಡುವುದಿಲ್ಲ. ನಿಮ್ಮ ಚಿತ್ರವನ್ನು ಇನ್ನೊಬ್ಬ ನಕಲು ಮಾಡುವುದನ್ನೂ ಅದು ತಡೆಯುವುದಿಲ್ಲ. ಮೊದಲು ನಮೂದಿಸಿದವನೇ ಕೃತಿಕಾರ ಎಂದು ಅದು ಸಾಬೀತು ಮಾಡುವುದೂ ಇಲ್ಲ, ಏಕೆಂದರೆ ಬೇರೆಯವರ ಚಿತ್ರವನ್ನು ಕದ್ದು ನಮೂದಿಸಿದರೂ ವಹಿ ಅದನ್ನು ಹಾಗೆಯೇ ಬರೆದುಕೊಳ್ಳುತ್ತದೆ. 2021ರ ಮಾರ್ಚ್ 11ರಂದು ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಅಮೆರಿಕದ ಕಲಾವಿದನ ಒಂದು ಡಿಜಿಟಲ್ ಕೃತಿ 6.93 ಕೋಟಿ ಡಾಲರಿಗೆ ಹೋದ ಸುದ್ದಿ ನಮ್ಮೂರಿಗೂ ಬಂದಿತ್ತು, ಆಗ ಎಲ್ಲರಿಗೂ ಆಸೆ ಹುಟ್ಟಿತ್ತು. ಮರುವರ್ಷವೇ ಆ ಮಾರುಕಟ್ಟೆ ಬಿತ್ತು. ಇಂದು ಈ ದಾರಿಯಲ್ಲಿ ದುಡಿಯುತ್ತಿರುವವರು ಕೃತಿಯನ್ನು ಮೆಚ್ಚಿದ ಇಪ್ಪತ್ತು, ಐವತ್ತು ಸಂಗ್ರಾಹಕರನ್ನು ನಿಧಾನವಾಗಿ ಸಂಪಾದಿಸಿಕೊಂಡವರು. ನಾನು ಹೇಳುವ ಕ್ರಮವೂ ಅಂತಹವರಿಗಾಗಿಯೇ.

ಯಾವ ಚೈನ್, ಯಾವ ವೇದಿಕೆ

ಎನ್‌ಎಫ್‌ಟಿಯ ಹೆಚ್ಚಿನ ಪದ್ಧತಿಗಳು ರೂಪುಗೊಂಡಿದ್ದು ಇಥೀರಿಯಂ ಎಂಬ ಚೈನ್‌ನಲ್ಲಿ, ಅಂದರೆ ಅಂತಹ ಒಂದು ವಹಿಯಲ್ಲಿ. ಅದು 2015ರ ಜುಲೈನಲ್ಲಿ ಆರಂಭವಾಯಿತು. ವಹಿಯಲ್ಲಿ ಒಂದು ಸಾಲು ಬರೆಸಲು ಕೊಡುವ ಕೂಲಿಗೆ ಗ್ಯಾಸ್ ಎನ್ನುತ್ತಾರೆ. 2021ರಲ್ಲಿ ಇಥೀರಿಯಂನ ಗ್ಯಾಸ್ ಒಂದು ನಮೂದಿಗೆ ಸಾವಿರಾರು ರೂಪಾಯಿ ಆಗುತ್ತಿತ್ತು. ವಿದ್ಯುತ್ ಸುಡುವ ವ್ಯವಸ್ಥೆ ಎಂಬ ಅಪವಾದವೂ ಅದರ ಮೇಲೆ ನ್ಯಾಯವಾಗಿಯೇ ಇತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಲೆಕ್ಕ ಖಚಿತಪಡಿಸುವ ವಿಧಾನವನ್ನೇ ಬದಲಿಸಿದ ಮೇಲೆ ವಿದ್ಯುತ್ ಬಳಕೆ ಶೇ 99ಕ್ಕೂ ಹೆಚ್ಚು ಇಳಿಯಿತು. ಕೂಲಿ ಇಳಿದದ್ದು ಅದರಿಂದಲ್ಲ, ಇಥೀರಿಯಂ ಮೇಲೆ ಕಟ್ಟಿರುವ ಬೇಸ್, ಆಪ್ಟಿಮಿಸಂನಂತಹ ಉಪಜಾಲಗಳಿಂದ. 2024ರ ಮಾರ್ಚ್‌ನ ಸುಧಾರಣೆಯ ನಂತರ ಅಲ್ಲಿ ಒಂದು ನಮೂದಿಗೆ ಬಹುತೇಕ ಕೆಲವೇ ರೂಪಾಯಿ ಸಾಕಾಗುತ್ತದೆ.

ಚಿತ್ರಕಾರರು ಮೊದಲ ಸಲ ಇಳಿಯುವುದಾದರೆ ನಾನು ತೇಜೋಸ್ ಎಂಬ ಚೈನ್ ಹೇಳುತ್ತೇನೆ. ಅದು ಆರಂಭದಿಂದಲೂ ಹೆಚ್ಚು ವಿದ್ಯುತ್ ಬೇಡದ ವಿಧಾನದಲ್ಲಿ ನಡೆಯುತ್ತಿದೆ, ಕೂಲಿ ಅತಿ ಕಡಿಮೆ, ಮತ್ತು ಅಲ್ಲಿ ಸಣ್ಣ ಬೆಲೆಗೆ ಚಿತ್ರ ಕೊಳ್ಳುವ ಅಭ್ಯಾಸವಿರುವ ಸಂಗ್ರಾಹಕರ ಬಳಗವಿದೆ. ಆಬ್ಜೆಕ್ಟ್, ಟೇಯಾ ಎಂಬ ಎರಡು ಮಾರುಕಟ್ಟೆಗಳು ಅಲ್ಲಿವೆ. ಟೇಯಾದ ಹುಟ್ಟಿನ ಕತೆ ತಿಳಿದಿರಬೇಕಾದದ್ದು. ಹಿಕ್ ಎಟ್ ನಂಕ್ ಎಂಬ ಮಾರುಕಟ್ಟೆ 2021ರ ಮಾರ್ಚ್‌ನಲ್ಲಿ ತೇಜೋಸ್‌ನಲ್ಲಿ ಶುರುವಾಯಿತು. ಬಡ ದೇಶಗಳ ಕಲಾವಿದರಿಗೂ ಅಲ್ಲಿ ಜಾಗ ಸಿಕ್ಕಿತು. ಅದೇ ನವೆಂಬರ್‌ನಲ್ಲಿ ಅದನ್ನು ಕಟ್ಟಿದವರು ಇದ್ದಕ್ಕಿದ್ದಂತೆ ಜಾಲತಾಣವನ್ನು ಮುಚ್ಚಿದರು. ಆದರೆ ನಮೂದುಗಳು ಚೈನ್‌ನಲ್ಲಿಯೂ ಕಡತಗಳು ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ಸಂಗ್ರಹದಲ್ಲಿಯೂ ಇದ್ದವು. ಅವನ್ನೇ ಓದಿ ತೋರಿಸುವ ಬದಲಿ ತಾಣಗಳನ್ನು ಬಳಕೆದಾರರೇ ಎಬ್ಬಿಸಿದರು, ಕೃತಿಗಳು ಉಳಿದವು. ಅಂಗಡಿ ಮುಚ್ಚಿದರೂ ವಹಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅಂಗಡಿಗಳು ಮುಚ್ಚುತ್ತವೆ ಎಂಬ ಎಚ್ಚರವೂ ಅದೇ ಕತೆಯಲ್ಲಿದೆ. ಇಥೀರಿಯಂನ ಹಳೆಯ ಮಾರುಕಟ್ಟೆಗಳಲ್ಲಿ ಒಂದಾದ ನೋನ್ ಆರಿಜಿನ್ ಕೂಡ 2024ರಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಆದ್ದರಿಂದ ವೇದಿಕೆಯ ಸಾಮೂಹಿಕ ಖಾತೆಯೊಳಗೆ ಕೃತಿ ನಮೂದಿಸುವ ಬದಲು ನಿಮ್ಮದೇ ಹೆಸರಿನ ಪ್ರತ್ಯೇಕ ಸಂಗ್ರಹ ಕರಾರನ್ನು (ಚೈನ್‌ನಲ್ಲಿಯೇ ಇದ್ದು ತಾನಾಗಿ ನಡೆಯುವ ಪುಟ್ಟ ಪ್ರೋಗ್ರಾಂ) ತೆರೆಯಿರಿ. ಆಬ್ಜೆಕ್ಟ್‌ನಲ್ಲಿ ಇದಕ್ಕೆ ಅವಕಾಶವಿದೆ. ಇಥೀರಿಯಂ ಕಡೆ ಮ್ಯಾನಿಫೋಲ್ಡ್ ಎಂಬ ಸಾಧನ ಇದನ್ನೇ ಮಾಡಿಕೊಡುತ್ತದೆ.

ವಾಲೆಟ್ ಮತ್ತು ಹನ್ನೆರಡು ಪದಗಳು

ತೇಜೋಸ್‌ಗೆ ಟೆಂಪಲ್ ಅಥವಾ ಕುಕಾಯ್, ಇಥೀರಿಯಂಗೆ ಮೆಟಾಮಾಸ್ಕ್, ಹೀಗೆ ಒಂದು ವಾಲೆಟ್ ಬೇಕು. ಹೆಸರು ವಾಲೆಟ್ ಎಂದಿದ್ದರೂ ದುಡ್ಡು ಅದರೊಳಗೆ ಇರುವುದಿಲ್ಲ. ಇರುವುದು ಬೀಗದ ಕೈ ಮಾತ್ರ. ವಾಲೆಟ್ ತೆರೆದಾಗ 12 ಅಥವಾ 24 ಇಂಗ್ಲಿಷ್ ಪದಗಳನ್ನು ಅದು ಕ್ರಮವಾಗಿ ತೋರಿಸುತ್ತದೆ. ಆ ಪದಗಳು ಯಾರಿಗೆ ಸಿಕ್ಕವೋ ನಿಮ್ಮ ಎಲ್ಲವೂ ಅವರದು. ಕಳೆದುಹೋದರೆ ಯಾವ ಬ್ಯಾಂಕಿನ ಮ್ಯಾನೇಜರರೂ ಮರಳಿ ಕೊಡಲಾರರು. ಪದಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ, ನನ್ನಂತಹ ಅಂಗಡಿಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಪ್ರಿಂಟ್ ತೆಗೆಸಲೇಬೇಡಿ. ಒಳ್ಳೆಯ ಕಾಗದದ ಮೇಲೆ ಪೆನ್ಸಿಲಿನಿಂದ ಎರಡು ಪ್ರತಿ ಬರೆದು, ಒಂದನ್ನು ಮನೆಯ ಪತ್ರಗಳಿರುವ ಟ್ರಂಕಿನಲ್ಲಿ, ಇನ್ನೊಂದನ್ನು ನಂಬಿಕೆಯ ಬೇರೆ ಮನೆಯಲ್ಲಿ ಇಡಿ. ಪೆನ್ಸಿಲ್ ಏಕೆಂದರೆ ಮಳೆಗಾಲದಲ್ಲಿ ಕಾಗದ ತೊಯ್ದರೂ ಅದು ಹರಡುವುದಿಲ್ಲ.

ಮಾರಾಟಕ್ಕೆ ಬಳಸುವ ವಾಲೆಟ್ ಬೇರೆ, ಬಂದ ದುಡ್ಡು ಮತ್ತು ಬೆಲೆಬಾಳುವ ಕೃತಿ ಇಡುವ ವಾಲೆಟ್ ಬೇರೆ ಇರಲಿ. ಮೊದಲನೆಯದು ದಿನವೂ ಹತ್ತಾರು ತಾಣಗಳಿಗೆ ಸಹಿ ಹಾಕುತ್ತದೆ (ವಾಲೆಟ್‌ನಲ್ಲಿ ಒಪ್ಪಿಗೆ ಕೊಡುವುದೇ ಇಲ್ಲಿ ಸಹಿ), ಆದ್ದರಿಂದ ಅಪಾಯ ಅದಕ್ಕೇ ಹೆಚ್ಚು. ಗಳಿಕೆ ಸ್ವಲ್ಪ ಬೆಳೆದ ಮೇಲೆ ಎರಡನೆಯದಕ್ಕೆ ಲೆಡ್ಜರ್ ಅಥವಾ ಟ್ರೆಜರ್‌ನಂತಹ ಪ್ರತ್ಯೇಕ ಸಾಧನ ಕೊಳ್ಳುವುದು ಒಳ್ಳೆಯದು. ಅದನ್ನೂ ತಯಾರಕರಿಂದಲೇ ಕೊಳ್ಳಬೇಕು, ಯಾರೋ ಬಳಸಿದ್ದನ್ನಲ್ಲ.

ಕೃತಿಯನ್ನು ಕಡತವಾಗಿಸುವುದು

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕಾದ ಜಾಗ ಇದು, ಮತ್ತು ಬಹಳ ಜನ ಅವಸರ ಮಾಡುವುದೂ ಇಲ್ಲಿಯೇ. ಸುರಪುರದ ಒಬ್ಬ ಹಿರಿಯರು ಅಂಗೈ ಅಗಲದ ಚಿತ್ರವೊಂದನ್ನು ತಂದಿದ್ದರು. ದೇವರ ಕಿರೀಟ, ಬಾಗಿಲ ಚೌಕಟ್ಟು, ಸೀರೆಯ ಅಂಚು ಎಲ್ಲ ಚಿನ್ನದ ರೇಕು. ಸ್ಕ್ಯಾನರಿನಲ್ಲಿ ಇಟ್ಟು ತೆಗೆದರೆ ಆ ಚಿನ್ನವೆಲ್ಲ ಸುಟ್ಟ ಬೆಲ್ಲದಂತೆ ಕಂದಾಗಿ ಬಂತು. ಹಿರಿಯರು ತೆರೆಯನ್ನು ನೋಡಿ, ನಂತರ ಚಿತ್ರವನ್ನು ನೋಡಿ, ಏನೂ ಮಾತಾಡದೆ ಕೂತರು. ಸ್ಕ್ಯಾನರಿನ ದೀಪ ಒಂದೇ ಕೋನದಿಂದ ಬೀಳುವುದರಿಂದ ಲೋಹದ ಮಿಂಚು ಸಂವೇದಕಕ್ಕೆ ಮರಳಿ ಬರುವುದೇ ಇಲ್ಲ. ಆ ಚಿತ್ರವನ್ನು ಗೋಡೆಗೆ ಸಮನಾಗಿ ನಿಲ್ಲಿಸಿ, ಎರಡೂ ಬದಿಯಿಂದ ತೆಳುವಾದ ಬಿಳಿ ಮಲ್ ಬಟ್ಟೆಯ ಮೂಲಕ ಬೆಳಕು ಬಿಟ್ಟು, ಕ್ಯಾಮೆರಾದ ಪಕ್ಕದಲ್ಲಿ ಒಂದು ಬಿಳಿ ಹಲಗೆ ಹಿಡಿದು ತೆಗೆದಾಗ ಚಿನ್ನ ಚಿನ್ನವಾಗಿ ಬಂತು. ರೇಕು ಇಲ್ಲದ ಚಿತ್ರಕ್ಕೆ ಸ್ಕ್ಯಾನರ್ ಸಾಕು. 8 ಇಂಚು ಅಗಲ 10 ಇಂಚು ಉದ್ದದ ಹಾಳೆಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ತೆಗೆದರೆ 4,800 ಮತ್ತು 6,000 ಪಿಕ್ಸೆಲ್‌ಗಳ ಕಡತ ಸಿಗುತ್ತದೆ, ಅದು ಮುಂದೆ ದೊಡ್ಡ ಮುದ್ರಣಕ್ಕೂ ಆಗುತ್ತದೆ.

ಬಿದರಿಯ ಕಷ್ಟ ಇದಕ್ಕೆ ತದ್ವಿರುದ್ಧ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಆ ಕಪ್ಪಿನ ಮಟ್ಟಸ ಹೊಳಪಿಲ್ಲದ ಗುಣ ಚಿತ್ರದಲ್ಲಿ ಉಳಿಯದಿದ್ದರೆ ನೋಡುವವರಿಗೆ ಅದು ಬಣ್ಣ ಬಳಿದ ಹಿತ್ತಾಳೆಯಂತೆ ಕಾಣುತ್ತದೆ. ಫ್ಲ್ಯಾಷ್ ಬಳಸಬೇಡಿ. ಉತ್ತರದ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ, ಹೂದಾನಿಯ ಒಂದು ಬದಿಗೆ ಬಿಳಿ ಬಟ್ಟೆ, ಇನ್ನೊಂದು ಬದಿಗೆ ಕಪ್ಪು ರಟ್ಟು ನಿಲ್ಲಿಸಿ ತೆಗೆಯಿರಿ. ಸುತ್ತುವ ಪೀಠದ ಮೇಲಿಟ್ಟು ಹತ್ತು ಸೆಕೆಂಡಿನ ವಿಡಿಯೊ ಮಾಡಿದರೆ ತಾರಕಶಿ ಕೆಲಸದ ಸಣ್ಣ ತಂತಿಗಳು ಬೆಳಕು ಹಿಡಿದು ಬಿಡುವುದು ಕಾಣುತ್ತದೆ, ಸಂಗ್ರಾಹಕರು ಅದನ್ನೇ ನೋಡಲು ಬಯಸುತ್ತಾರೆ.

ಮೂಲ ಕಡತವನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ನಿಮ್ಮ ಬಳಿಯೇ ಇಟ್ಟುಕೊಂಡು, ಉದ್ದದ ಬದಿ ಸುಮಾರು 2,000 ಪಿಕ್ಸೆಲ್ ಇರುವ ಪ್ರತಿಯನ್ನು ಮಾತ್ರ ಪ್ರಕಟಿಸಿ. ಪ್ರಕಟಿಸಿದ ಕಡತ ಐಪಿಎಫ್‌ಎಸ್ ಎಂಬ ಹಂಚಿಕೆಯ ಸಂಗ್ರಹಕ್ಕೆ ಹೋಗುತ್ತದೆ. ಅಲ್ಲಿ ಕಡತದ ವಿಳಾಸ ಅದರ ಒಳಗಿನ ಮಾಹಿತಿಯಿಂದಲೇ ಹುಟ್ಟುತ್ತದೆ, ಒಂದು ಚುಕ್ಕೆ ಬದಲಾದರೂ ವಿಳಾಸ ಬೇರೆಯಾಗುತ್ತದೆ. ಆದ್ದರಿಂದ ಯಾರೂ ಗುಟ್ಟಾಗಿ ಚಿತ್ರ ಬದಲಿಸಲಾರರು. ಆದರೆ ಐಪಿಎಫ್‌ಎಸ್‌ನಲ್ಲಿ ಕಡತ ತಾನಾಗಿ ಉಳಿಯುವುದಿಲ್ಲ, ಯಾರಾದರೂ ಒಬ್ಬರು ಅದನ್ನು ಹಿಡಿದಿಟ್ಟಿರಬೇಕು. ಇದಕ್ಕೆ ಪಿನ್ ಮಾಡುವುದು ಎನ್ನುತ್ತಾರೆ. ವೇದಿಕೆ ಮಾಡಿರುತ್ತದೆ ಎಂದು ನಂಬಿ ಕೂರದೆ ಪಿನಾಟದಂತಹ ಸೇವೆಯಲ್ಲಿ ನೀವೂ ಒಂದು ಪಿನ್ ಇಡಿ. ಒಂದೇ ಸಲ ಹಣ ಕೊಟ್ಟು ಕಾಯಂ ಆಗಿ ಇಡುವ ಉದ್ದೇಶದ ಆರ್‌ವೀವ್ ಎಂಬ ಜಾಲವೂ ಇದೆ.

ನಮೂದಿಸುವುದು, ಬೆಲೆ, ರಾಯಧನ

ಆಬ್ಜೆಕ್ಟ್‌ಗೆ ವಾಲೆಟ್ ಜೋಡಿಸಿ, ನಿಮ್ಮ ಹೆಸರಿನ ಸಂಗ್ರಹ ತೆರೆದು, ಕಡತ ಏರಿಸಿ, ಶೀರ್ಷಿಕೆ ಮತ್ತು ವಿವರಣೆ ಬರೆದು, ಪ್ರತಿಗಳ ಸಂಖ್ಯೆ ಮತ್ತು ರಾಯಧನದ (ಮರುಮಾರಾಟದಲ್ಲಿ ನಿಮಗೆ ಬರಬೇಕಾದ ಪಾಲು) ಶೇಕಡಾವಾರು ತುಂಬಿ ಸಹಿ ಹಾಕಿದರೆ ಕೃತಿ ಚೈನ್‌ನಲ್ಲಿ ಹುಟ್ಟುತ್ತದೆ. ಇದೇ ಮಿಂಟ್ ಮಾಡುವುದು. ನಂತರ ಬೆಲೆ ಹಾಕಿ ಮತ್ತೊಂದು ಸಹಿ. ವಿವರಣೆಯನ್ನು ಮೊದಲು ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಬರೆಯಿರಿ. ಮೂಲ ಚಿತ್ರದ ಅಳತೆ, ಬಳಸಿದ ಬಣ್ಣ, ಮುಗಿಸಿದ ವರ್ಷ, ಯಾವ ಊರಿನದು ಎಂಬುದು ಅದರಲ್ಲಿ ಇರಲಿ. ಮಿಂಟ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ ಎಂದೇ ತಿಳಿದು ಬರೆಯಿರಿ.

ಇಲ್ಲಿ ಅಕ್ಷರದ ಒಂದು ಮಾತು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡುವವರಿದ್ದಾರೆ. ಆ ಪಠ್ಯವನ್ನು ಹಾಗೆಯೇ ಅಂಟಿಸಿದರೆ ಓದುಗನ ತೆರೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ, ಅದೂ ಅಳಿಸಲಾಗದ ವಹಿಯಲ್ಲಿ. ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವೊತ್ತುಗಳನ್ನೂ ಕಣ್ಣಿನಿಂದ ನೋಡಿದ ಮೇಲೆಯೇ ಸಹಿ ಹಾಕಬೇಕು.

ಬೆಲೆ ಎಷ್ಟಿರಬೇಕು ಎಂಬುದಕ್ಕೆ ಸೂತ್ರವಿಲ್ಲ. ಹೊಸಬರು ಒಂದೇ ಪ್ರತಿಯನ್ನು ಹತ್ತು ಸಾವಿರಕ್ಕೆ ಹಾಕಿ ವರ್ಷಗಟ್ಟಲೆ ಕಾಯುವುದಕ್ಕಿಂತ, 25 ಪ್ರತಿಗಳನ್ನು ತಲಾ 400 ರೂಪಾಯಿಯ ಆಸುಪಾಸಿಗೆ ಹಾಕುವುದು ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ ಆಗ ಸಿಗುವುದು 25 ಜನರ ವಾಲೆಟ್ ವಿಳಾಸ. ಮುಂದಿನ ಕೃತಿ ಬಂದಾಗ ಅವರಿಗೇ ಮೊದಲು ತಿಳಿಸಬಹುದು.

ಮರುಮಾರಾಟದ ರಾಯಧನದ ಬಗ್ಗೆ ಬಹಳ ಜನರಿಗೆ ತಪ್ಪು ಭರವಸೆ ಇದೆ. ಶೇ 10 ಎಂದು ತುಂಬಿದರೆ ಕೃತಿ ಕೈ ಬದಲಾದಾಗಲೆಲ್ಲ ದುಡ್ಡು ತಾನಾಗಿ ಬರುತ್ತದೆ ಎಂದು ಹೇಳುತ್ತಾರೆ. ಇಥೀರಿಯಂನ ರಾಯಧನ ಪದ್ಧತಿ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ತಿಳಿಸುತ್ತದೆಯೇ ಹೊರತು ವಸೂಲಿ ಮಾಡುವುದಿಲ್ಲ. ಕೊಡುವುದು ಬಿಡುವುದು ಮಾರುಕಟ್ಟೆಯ ಇಚ್ಛೆ. ದೊಡ್ಡ ಮಾರುಕಟ್ಟೆಯಾದ ಓಪನ್‌ಸೀ 2023ರ ಆಗಸ್ಟ್‌ನಲ್ಲಿ ರಾಯಧನದ ಕಡ್ಡಾಯವನ್ನು ಕೈಬಿಡುವುದಾಗಿ ಹೇಳಿದಾಗ ಕಲಾವಿದರಿಗೆ ಆದ ನೋವು ನಿಜವಾದದ್ದು. ರಾಯಧನ ಬಂದರೆ ಸಂತೋಷ, ಆದರೆ ಮನೆಯ ಲೆಕ್ಕವನ್ನು ಮೊದಲ ಮಾರಾಟದ ಮೇಲೆಯೇ ಕಟ್ಟಿಕೊಳ್ಳಿ. ಹಾಗೆ ನೋಡಿದರೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿಯೇ ಮೂಲ ವರ್ಣಚಿತ್ರ, ಶಿಲ್ಪ, ಹಸ್ತಪ್ರತಿಗಳು ಹತ್ತು ಸಾವಿರ ರೂಪಾಯಿ ಮೀರಿ ಮರುಮಾರಾಟವಾದಾಗ ಕೃತಿಕಾರರಿಗೆ ಪಾಲು ಕೊಡಬೇಕೆಂಬ ವಿಧಿ ಇದೆ. ಕಲಾವಿದರಿಗೆ ಅದರ ಸುಳಿವೇ ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಮಾರಿದ್ದು ಏನನ್ನು ಎಂಬ ಮಾತು

ಎನ್‌ಎಫ್‌ಟಿ ಮಾರಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗುವುದಿಲ್ಲ. ಭಾರತದ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು, ಅದಕ್ಕೆ ಸಹಿ ಇರಬೇಕು. ಕೃತಿಕಾರರ ಜೀವಿತಾವಧಿ ಮತ್ತು ನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಆದರೂ ಜಗಳ ಬಾರದಂತೆ ವಿವರಣೆಯ ಕೊನೆಗೆ ಎರಡು ಸಾಲು ಸೇರಿಸಿ: ಕೊಂಡವರು ಸ್ವಂತಕ್ಕೆ ನೋಡಬಹುದು, ಪ್ರದರ್ಶಿಸಬಹುದು, ಮರುಮಾರಾಟ ಮಾಡಬಹುದು, ಮುದ್ರಿಸಿ ಮಾರುವ, ಬಟ್ಟೆಗೆ ಅಚ್ಚು ಹಾಕುವ, ಜಾಹೀರಾತಿಗೆ ಬಳಸುವ ಹಕ್ಕು ಕಲಾವಿದರದು. ಬಿದರಿಯವರು ಮತ್ತೊಂದನ್ನು ಗಮನಿಸಬೇಕು. ಬಿದರಿ ಎಂಬ ಹೆಸರಿಗೆ ಭೌಗೋಳಿಕ ಸೂಚಿಯ (ಒಂದು ಪ್ರದೇಶದ ಉತ್ಪನ್ನದ ಹೆಸರನ್ನು ಕಾಯುವ ಕಾನೂನು) ರಕ್ಷಣೆ ಇದೆ. ಕಂಪ್ಯೂಟರಿನಲ್ಲಿ ಬರೆದ ಬಳ್ಳಿಯ ನಕ್ಷೆಯನ್ನು ಬಿದರಿ ಎಂದು ಕರೆದು ಮಾರುವುದು ತಪ್ಪು, ಕೈಯಿಂದ ಕೊರೆದವರಿಗೆ ಅನ್ಯಾಯವೂ ಹೌದು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಈ ಕಲೆಯ ಹೆಸರು ಹೆಚ್ಚು ಜನರಿಗೆ ತಲುಪಿದೆ, ಹೆಸರನ್ನು ದುರುಪಯೋಗ ಮಾಡುವವರೂ ಹೆಚ್ಚಬಹುದು.

ಮೇಳದ ಹಾಡುಗಾರರಿಗೆ ಬೇರೆ ಲೆಕ್ಕ. ಹಳೆಯ ತತ್ವಪದದ ಸಾಹಿತ್ಯ ಎಲ್ಲರ ಸೊತ್ತು, ಆದರೆ ನಿಮ್ಮ ಹಾಡುಗಾರಿಕೆಯ ಮೇಲೆ ಪ್ರದರ್ಶಕರ ಹಕ್ಕು ನಿಮಗಿದೆ. ಏಕತಾರಿ ಹಿಡಿದವರು, ತಾಳ ಹಾಕಿದವರು, ಹಿಂದೆ ದನಿಗೂಡಿಸಿದವರು, ರೆಕಾರ್ಡ್ ಮಾಡಿದವರು, ಯಾರಿಗೆ ಎಷ್ಟು ಎಂಬುದನ್ನು ಮಿಂಟ್ ಮಾಡುವ ಮೊದಲೇ ಕಾಗದದ ಮೇಲೆ ಬರೆದು ಎಲ್ಲರ ಸಹಿ ಪಡೆಯಿರಿ. ನಂತರ ಅದೇ ಪಾಲನ್ನು ಜಂಟಿ ಕರಾರಿನಲ್ಲಿ ತುಂಬಿದರೆ, ಹಣ ಬಂದಾಗ ಅದು ಒಬ್ಬರ ಕೈಗೆ ಹೋಗಿ ಹಂಚಿಕೆಯಾಗುವ ಬದಲು ಪ್ರತಿಯೊಬ್ಬರ ಪಾಲಾಗಿಯೇ ಬೇರ್ಪಡುತ್ತದೆ. ಬ್ಲಾಕ್‌ಚೈನ್‌ನ ಗುಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು, ಏಕೆಂದರೆ ಹಣದ ಪಾಲಿಗಾಗಿ ಒಡೆದುಹೋದ ಮೇಳಗಳನ್ನು ನಾನು ಕಂಡಿದ್ದೇನೆ.

ಬರಹಗಾರರಿಗೆ ಪ್ಯಾರಾಗ್ರಾಫ್ ಎಂಬ ವೇದಿಕೆ ಇದೆ; 2024ರಲ್ಲಿ ಅದು ಮಿರರ್ ಎಂಬ ಹಳೆಯ ವೇದಿಕೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕತೆಯನ್ನೋ ಲೇಖನವನ್ನೋ ಎಲ್ಲರಿಗೂ ಓದಲು ತೆರೆದಿಟ್ಟು, ಮೆಚ್ಚಿದವರು ಅದರ ಪ್ರತಿಯನ್ನು ಸಣ್ಣ ಬೆಲೆಗೆ ಸಂಗ್ರಹಿಸುವಂತೆ ಅಲ್ಲಿ ಮಾಡಬಹುದು. ಕನ್ನಡದ ಓದುಗರಲ್ಲಿ ವಾಲೆಟ್ ಇರುವವರು ಕಡಿಮೆ, ಆದ್ದರಿಂದ ಇದರಿಂದ ಕೂಡಲೇ ಗಳಿಕೆ ನಿರೀಕ್ಷಿಸಬೇಡಿ.

ತೆರಿಗೆ ಮತ್ತು ರೂಪಾಯಿ

ಭಾರತದಲ್ಲಿ 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯ ಆದಾಯಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಕ್ರಿಪ್ಟೊ (ಚೈನ್‌ಗಳಲ್ಲಿ ನಡೆಯುವ ಡಿಜಿಟಲ್ ನಾಣ್ಯ) ಮತ್ತು ಎನ್‌ಎಫ್‌ಟಿ ಎರಡೂ ಇದರಲ್ಲಿ ಬರುತ್ತವೆ. ಕೊಂಡ ಬೆಲೆಯನ್ನು ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಯ ಕೆಳಗಿದ್ದರೂ ಈ ಆದಾಯಕ್ಕೆ ವಿನಾಯಿತಿಯ ಮಿತಿ ಅನ್ವಯಿಸದು. 2022ರ ಜುಲೈ 1ರಿಂದ ಶೇ 1 ಟಿಡಿಎಸ್ (ಮೂಲದಲ್ಲಿಯೇ ಹಿಡಿಯುವ ತೆರಿಗೆ) ಕೂಡ ಇದೆ. ನಾಣ್ಯವನ್ನು ರೂಪಾಯಿಗೆ ಬದಲಿಸಿಕೊಡುವ ಭಾರತದ ವಿನಿಮಯ ಕೇಂದ್ರದಲ್ಲಿ ಮಾರಿದಾಗ ಅವರೇ ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ತಾನೇ ಸೃಷ್ಟಿಸಿದ ಕೃತಿಯ ಮೊದಲ ಮಾರಾಟ ವೃತ್ತಿಯ ಆದಾಯವೋ ಈ ಶೇ 30ರ ಆದಾಯವೋ ಎಂಬುದರಲ್ಲಿ ಲೆಕ್ಕಪರಿಶೋಧಕರಲ್ಲಿಯೇ ಭಿನ್ನಾಭಿಪ್ರಾಯವಿದೆ. ನಾನು ಕಠಿಣವಾದ ಲೆಕ್ಕವನ್ನೇ ಹಿಡಿದು ದುಡ್ಡು ಎತ್ತಿಡಲು ಹೇಳುತ್ತೇನೆ.

ಲೆಕ್ಕ ಹೀಗಿದೆ. ಮೇಲೆ ಹೇಳಿದ 25 ಪ್ರತಿಗಳು ಒಂದೇ ದಿನ ಹೋದವು, ಒಟ್ಟು 10,000 ರೂಪಾಯಿ, ವೇದಿಕೆಯ ಕಮಿಷನ್ ಶೇ 5 ಎಂದು ಹಿಡಿದರೆ ಕೈಗೆ ಬಂದ ತೇಜ್ ಎಂಬ ತೇಜೋಸ್ ನಾಣ್ಯದ ಅಂದಿನ ಬೆಲೆ 9,500. ಇದರ ಮೇಲಿನ ತೆರಿಗೆ 2,964. ಅಂದೇ ರೂಪಾಯಿಗೆ ಬದಲಿಸಿಕೊಂಡರೆ ತೆರಿಗೆ ಕಳೆದು 6,536 ಉಳಿಯುತ್ತದೆ. ಬೆಲೆ ಏರಲಿ ಎಂದು ಎರಡು ತಿಂಗಳು ಇಟ್ಟುಕೊಂಡು, ಅಷ್ಟರಲ್ಲಿ ಅದು 7,000ಕ್ಕೆ ಇಳಿದರೆ, ತೆರಿಗೆ ಮಾತ್ರ ಅದೇ 2,964. 2,500ರ ನಷ್ಟವನ್ನು ಎಲ್ಲಿಯೂ ಹೊಂದಿಸುವಂತಿಲ್ಲ, ಉಳಿಯುವುದು 4,036. ಕಮಿಷನ್ ಕಳೆಯಲು ಅಧಿಕಾರಿಗಳು ಒಪ್ಪದಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಆದ್ದರಿಂದ ಬಂದ ದಿನವೇ, ಹೆಚ್ಚೆಂದರೆ ಅದೇ ವಾರ, ರೂಪಾಯಿಗೆ ಬದಲಿಸಿ. ಕಲಾವಿದರ ಸಂಪಾದನೆ ಕೃತಿಯಿಂದ ಬರಲಿ, ನಾಣ್ಯದ ಏರಿಳಿತದಿಂದಲ್ಲ.

ಬದಲಿಸುವ ವಿನಿಮಯ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿರಬೇಕು. 2023ರ ಮಾರ್ಚ್‌ನಿಂದ ಈ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ರೀತಿ ಇರಲಿ. ನಮ್ಮಲ್ಲಿ ಆಧಾರ್‌ನಲ್ಲಿ ಗುಲ್ಬರ್ಗಾ, ಪಾಸ್‌ಬುಕ್‌ನಲ್ಲಿ ಕಲಬುರಗಿ ಎಂದಿದ್ದು ಪರಿಶೀಲನೆಗೆ ತೊಡಕಾದದ್ದನ್ನು ನೋಡಿದ್ದೇನೆ. ಕೆಲವು ಆ್ಯಪ್‌ಗಳಲ್ಲಿ ಹೊರಗಿನ ವಾಲೆಟ್‌ನಿಂದ ನಾಣ್ಯ ಕಳಿಸಲು ಅವಕಾಶವೇ ಇರುವುದಿಲ್ಲ, ಖಾತೆ ತೆರೆಯುವ ಮುನ್ನವೇ ಅದನ್ನು ಕೇಳಿ. ಮೊದಲ ಸಲ ನೂರು ರೂಪಾಯಿಯಷ್ಟು ಕಳಿಸಿ, ಬ್ಯಾಂಕಿಗೆ ಬಂದ ಮೇಲೆ ಉಳಿದದ್ದನ್ನು ಕಳಿಸಿ. ವಿನಿಮಯ ಕೇಂದ್ರದಲ್ಲಿ ದುಡ್ಡು ಇಟ್ಟುಕೊಂಡು ಕೂರಬೇಡಿ. 2024ರ ಜುಲೈನಲ್ಲಿ ಭಾರತದ ಒಂದು ದೊಡ್ಡ ಕೇಂದ್ರದಿಂದ 20 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಆಸ್ತಿ ಕಳುವಾಗಿ ಗ್ರಾಹಕರು ಬಹಳ ಕಾಲ ಒದ್ದಾಡಿದರು.

ಪ್ರತಿ ಮಾರಾಟದ ದಿನಾಂಕ, ಕೃತಿಯ ಹೆಸರು, ಬಂದ ನಾಣ್ಯ, ಅಂದಿನ ರೂಪಾಯಿ ಬೆಲೆ, ವಹಿವಾಟಿನ ಗುರುತು ಸಂಖ್ಯೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮಾರ್ಚ್ ತಿಂಗಳಲ್ಲಿ ಪರದಾಡಬೇಕಿಲ್ಲ.

ಬಿದರಿಯಂತಹ ಕೈಗೆ ಸಿಗುವ ವಸ್ತು ಮಾರುವವರಿಗೆ ಇನ್ನೊಂದು ದಾರಿ ಇದೆ, ನಾನು ಅದನ್ನೇ ಹೆಚ್ಚು ಒಪ್ಪುತ್ತೇನೆ. ಹೂದಾನಿಯನ್ನು ಎಂದಿನಂತೆ ರೂಪಾಯಿಗೆ, ಯುಪಿಐ ಅಥವಾ ಬ್ಯಾಂಕ್ ಮೂಲಕ ಮಾರಿ, ರಸೀದಿ ಕೊಡಿ. ಅದರ ಜೊತೆ ಪ್ರಮಾಣಪತ್ರವಾಗಿ ಮಾತ್ರ ಎನ್‌ಎಫ್‌ಟಿ ಕೊಡಿ. ಎನ್‌ಎಫ್‌ಟಿಯ ವರ್ಗಾವಣೆಯಿಂದ ಅದರ ಹಿಂದಿನ ಭೌತಿಕ ವಸ್ತುವಿನ ಮಾಲೀಕತ್ವವೂ ಕಾನೂನುಬದ್ಧವಾಗಿ ವರ್ಗಾವಣೆಯಾಗುವಂತಿದ್ದರೆ ಅದನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಪರಿಗಣಿಸುವುದಿಲ್ಲ ಎಂದು ನೇರ ತೆರಿಗೆ ಮಂಡಳಿ 2022ರ ಜೂನ್ 30ರಂದು ಅಧಿಸೂಚನೆ ಹೊರಡಿಸಿದೆ. ಕರಾರಿನ ಭಾಷೆ ಆ ಷರತ್ತಿಗೆ ಹೊಂದುವಂತೆ ಸಿಎ ಮತ್ತು ವಕೀಲರಿಂದ ಒಮ್ಮೆ ಬರೆಸಿಕೊಂಡರೆ ಮುಂದಿನ ಎಲ್ಲ ಮಾರಾಟಕ್ಕೂ ಅದೇ ನಡೆಯುತ್ತದೆ. ವಸ್ತುವಿನ ತಳದಲ್ಲಿ ಸಣ್ಣ ಸಂಖ್ಯೆ ಕೊರೆದು, ಅದರ ಹತ್ತಿರದ ಚಿತ್ರವನ್ನೂ ಪ್ರಮಾಣಪತ್ರದಲ್ಲಿ ಸೇರಿಸಿದರೆ ಯಾವ ವಸ್ತುವಿಗೆ ಯಾವ ಪತ್ರ ಎಂಬ ಗೊಂದಲ ಉಳಿಯದು.

ಮೋಸ ಬರುವ ದಾರಿ

ಯಾದಗಿರಿ ಕಡೆಯ ಒಬ್ಬ ಯುವಕ ಒಂದು ಸಂಜೆ ಮೊಬೈಲ್ ಹಿಡಿದು ಬಂದ. "ಅಣ್ಣಾ, ಒಬ್ಬಾಕಿ ನನ್ನ ಐದು ಚಿತ್ರಕ್ಕ ನಾಕು ಲಕ್ಷ ಕೊಡ್ತೀನಿ ಅಂದಾಳ, ಖರೇ ಏನ್ ನೋಡ್ರಿ" ಎಂದ. ಇನ್‌ಸ್ಟಾಗ್ರಾಂನಲ್ಲಿ ಬಂದ ಸಂದೇಶ. ಹೊಗಳಿಕೆ, ಬೆಲೆ, ನಂತರ ಯಾರೂ ಕೇಳದ ಹೆಸರಿನ ಒಂದು ಮಾರುಕಟ್ಟೆಯ ಕೊಂಡಿ. ಅಲ್ಲಿ ಅವನು ಆಗಲೇ ಚಿತ್ರ ಏರಿಸಿದ್ದ, ಗ್ಯಾಸ್ ಶುಲ್ಕವೆಂದು 18,000 ರೂಪಾಯಿ ಕಟ್ಟಿದ್ದ, ಚಿತ್ರಗಳು ಮಾರಾಟವಾದವು ಎಂದು ತೆರೆಯಲ್ಲಿ ದೊಡ್ಡ ಮೊತ್ತ ಕಾಣುತ್ತಿತ್ತು, ಅದನ್ನು ಬಿಡಿಸಿಕೊಳ್ಳಲು ಈಗ ಮತ್ತೆ 40,000 ಕೇಳುತ್ತಿದ್ದರು. ಆ ತಾಣವೂ ಆ ಮೊತ್ತವೂ ಬರೀ ಚಿತ್ರಪಟ. ಎರಡನೆಯ ಕಂತು ತಪ್ಪಿತು, ಮೊದಲನೆಯದು ಮರಳಲಿಲ್ಲ. ಅವನ ಅಕ್ಕ ಹೊಲಿಗೆಯಿಂದ ಕೂಡಿಟ್ಟ ದುಡ್ಡು ಅದು.

ನಿಜವಾದ ಗಿರಾಕಿ ನೀವು ಇರುವ ಮಾರುಕಟ್ಟೆಗೆ ಬಂದು ಕೊಳ್ಳುತ್ತಾನೆ, ತನ್ನ ಮಾರುಕಟ್ಟೆಗೆ ಬಾ ಎನ್ನುವುದಿಲ್ಲ. ಕಡಿಮೆ ಕೂಲಿಯ ಚೈನ್‌ನಲ್ಲಿ ಮಿಂಟ್ ಮಾಡಲು ಸಾವಿರಾರು ರೂಪಾಯಿ ಬೇಕಾಗುವುದೇ ಇಲ್ಲ. ನಿಮ್ಮ ದುಡ್ಡು ನಿಮಗೆ ಬರಲು ನೀವು ಮೊದಲು ದುಡ್ಡು ಕಟ್ಟಬೇಕೆಂದರೆ ಅಲ್ಲಿಗೆ ಮಾತು ಮುಗಿಸಿ. ಸಹಾಯವಾಣಿಯವರೆಂದು ಹೇಳಿಕೊಂಡು ಹನ್ನೆರಡು ಪದ ಕೇಳುವವರೆಲ್ಲ ಕಳ್ಳರೇ. ವಾಲೆಟ್‌ಗೆ ಕೇಳದೆ ಬಂದು ಬಿದ್ದ ಎನ್‌ಎಫ್‌ಟಿಗಳನ್ನು ಮುಟ್ಟಬೇಡಿ, ಅವುಗಳಲ್ಲಿರುವ ಕೊಂಡಿ ನಿಮ್ಮ ಎಲ್ಲ ಕೃತಿಗಳ ಮೇಲೆ ಅನುಮತಿ ಕೇಳುವ ಬಲೆ ಆಗಿರಬಹುದು. ಇಥೀರಿಯಂ ಬಳಸುವವರು ಹಿಂದೆ ಕೊಟ್ಟ ಅನುಮತಿಗಳನ್ನು ರಿವೋಕ್ ಕ್ಯಾಶ್ ಎಂಬ ತಾಣದಲ್ಲಿ ಆಗಾಗ ನೋಡಿ ರದ್ದು ಮಾಡಬೇಕು. ಮೋಸವಾಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನಿಂದ ಹೋದ ಹಣವನ್ನು ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ.

ನಮ್ಮ ನಂತರ

ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ದೇವತಾ ಚಿತ್ರಗಳು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆ ಸೇರಿದವು. ಅವರು ತೀರಿಕೊಂಡದ್ದು 1993ರಲ್ಲಿ; ಕಾನೂನಿನ ಲೆಕ್ಕದಲ್ಲಿ ಅಲ್ಲಿಂದ 60 ವರ್ಷ ಎಂದರೆ 2053ರ ಕೊನೆ. ಕೃತಿಯ ಹಕ್ಕು ಕಲಾವಿದರ ನಂತರವೂ ಅಷ್ಟು ದೂರ ನಡೆಯುತ್ತದೆ, ಆದರೆ ವಾಲೆಟ್ ಯಾವ ವಾರಸುದಾರರನ್ನೂ ಗುರುತಿಸುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರನ್ನು ಕೂರಿಸಿಕೊಂಡು, ಯಾವ ಚೈನ್, ಯಾವ ವಾಲೆಟ್, ಯಾವ ಸಂಗ್ರಹ, ಪದಗಳ ಕಾಗದ ಎಲ್ಲಿದೆ, ದುಡ್ಡು ಬದಲಿಸುವ ಖಾತೆ ಯಾವುದು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ. ಪದಗಳನ್ನು ಆ ಪುಟದಲ್ಲಿ ಬರೆಯಬೇಡಿ, ಇರುವ ಜಾಗವನ್ನಷ್ಟೇ ಬರೆಯಿರಿ. ನಂತರ ಅವರ ಕೈಯಿಂದಲೇ ಹೊಸ ಫೋನಿನಲ್ಲಿ ಆ ಪದಗಳನ್ನು ತುಂಬಿಸಿ ವಾಲೆಟ್ ತೆರೆಸಿ ನೋಡಿ. ಬರೆದುಕೊಂಡ ಪದಗಳಲ್ಲಿ ಒಂದಕ್ಷರ ತಪ್ಪಿದ್ದರೂ ಅಂದೇ ಗೊತ್ತಾಗುತ್ತದೆ, ತಿದ್ದಿಕೊಳ್ಳಲು ನೀವೂ ಪಕ್ಕದಲ್ಲಿ ಇರುತ್ತೀರಿ.